ಡೊನೇಶನ್ನೋ, ದಾಸೋಹವೋ?

ಎಲ್‌ಕೆಜಿ ಸೇರುವುದು ಮಗು. ಸಂದರ್ಶನಕ್ಕೆ ಇಸ್ತ್ರಿ ಅಂಗಿ ತೊಟ್ಟು ಬೆವರುವವರು ಅಪ್ಪ-ಅಮ್ಮ. ಬೆಂಗಳೂರಿನಲ್ಲಿ ಶಾಲೆಯ ಫಲಕಕ್ಕೆ ‘ಇಂಟರ್‌ನ್ಯಾಷನಲ್’ ಸೇರಿದರಂತೂ ಶುಲ್ಕಕ್ಕೊಂದು ಸೊನ್ನೆ ಹೆಚ್ಚು. ವ್ಯಾನು, ಟೈ, ಬೆಲ್ಟು, ವಾರ್ಷಿಕೋತ್ಸವದ ಚಿಟ್ಟೆ ವೇಷದ ಬಾಡಿಗೆ ಬೇರೆ.

ಪಕ್ಕದ ಬೀದಿಯ ಸರ್ಕಾರಿ ಶಾಲೆಯಲ್ಲಿ ಪುಸ್ತಕ, ಸಮವಸ್ತ್ರ, ಬೂಟು ಎಲ್ಲವೂ ಪುಕ್ಕಟೆ. 2013ರಿಂದ ಕ್ಷೀರಭಾಗ್ಯದ ಹಾಲು, ಮಧ್ಯಾಹ್ನ ಅಕ್ಷರ ದಾಸೋಹದ ಬಿಸಿಯೂಟ, ಈಚೆಗೆ ಮೊಟ್ಟೆ. ಒಲ್ಲದವರಿಗೆ ಬಾಳೆಹಣ್ಣು. ಹೊಸದಾಗಿ ನೇಮಕಗೊಂಡ ಮೇಷ್ಟ್ರುಗಳು ಟಿಇಟಿ, ಸಿಇಟಿ ಎರಡನ್ನೂ ದಾಟಿ ಬಂದವರು. ಆದರೆ ಎಷ್ಟೋ ಮೇಷ್ಟ್ರ ಮಕ್ಕಳು ಬೆಳಿಗ್ಗೆ ಹತ್ತುವುದು ಖಾಸಗಿ ಶಾಲೆಯ ಹಳದಿ ವ್ಯಾನನ್ನೇ! ತಮ್ಮ ಅಡುಗೆ ತಾವೇ ಉಣ್ಣದ ಭಟ್ಟರ ಹಾಗೆ.

ಹಾಗೆಂದು ಸರ್ಕಾರಿ ಶಾಲೆ ಸ್ವರ್ಗವೇನಲ್ಲ. ‘ನಲಿ-ಕಲಿ’ಯ ಒಂದೇ ಕೋಣೆಯಲ್ಲಿ ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು, ಮೇಷ್ಟ್ರು ಚುನಾವಣೆ ಕೆಲಸಕ್ಕೆ ಹೊರಟರೆ ನಲಿಯಷ್ಟೇ ಉಳಿಯುತ್ತದೆ.

ಆರ್‌ಟಿಇ ಅಡಿ ಖಾಸಗಿ ಶಾಲೆಯ ಶೇ 25ರಷ್ಟು ಸೀಟಿಗೆ ಪೋಷಕರು ಮುಗಿಬೀಳುತ್ತಿದ್ದರು. 2019ರಲ್ಲಿ ರಾಜ್ಯ ಸರ್ಕಾರ, ಹತ್ತಿರ ಸರ್ಕಾರಿ ಶಾಲೆ ಇದ್ದವರು ಅಲ್ಲಿಗೇ ಹೋಗಲಿ ಎಂದಿತು. ಅದೇ ವರ್ಷ ಸುಮಾರು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವನ್ನೂ ತೆರೆಯಿತು. ಇನ್ನು ಕೊರತೆಯೆಂದರೆ, ಮದುವೆ ಮನೆಯಲ್ಲಿ ನೆಂಟರೆದುರು ಹೇಳಿಕೊಳ್ಳಲು ಒಂದು ಉದ್ದನೆಯ ಹೆಸರು.