20ನೇ ಲೆವೆಲ್ಲಿನ ಶಲ್ಯ: ಒಂದು ಶಕ್ತಿಮೀಮಾಂಸೆ

ಶಾಸ್ತ್ರಗ್ರಂಥ ಎಂದಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕು. ವಿಷಯ: ‘ಸಿಟಿ ಆಫ್ ಹೀರೋಸ್’ ಎಂಬ ಕಂಪ್ಯೂಟರ್ ಆಟದ ಲೋಕಸೃಷ್ಟಿ ಮತ್ತು ಅದರ ವೀರರ ಶಕ್ತಿಸ್ವರೂಪ. ಪ್ರಯೋಜನ: ಇಲ್ಲ. ಸಂಬಂಧ: ಪ್ರಯೋಜನವಿಲ್ಲದ ವಿಷಯಕ್ಕೂ ಪ್ರಬಂಧಕ್ಕೂ ಇರುವ ಅನಾದಿ ನಂಟು. ಅಧಿಕಾರಿ: ಬೆಳಗ್ಗೆ ಕೆಲಸಕ್ಕೆ ಹೋಗಬೇಕೆಂದು ಗೊತ್ತಿದ್ದೂ ರಾತ್ರಿ ಎರಡರವರೆಗೆ ತನ್ನ ಪಾತ್ರದ ಬೂಟಿಗೆ ಬಣ್ಣ ಆರಿಸುತ್ತ ಕೂತವನು.

ಕಾಲನಿರ್ಣಯದಲ್ಲಿ ಪಂಡಿತರ ಜಗಳವಿಲ್ಲ. 2004ರ ಏಪ್ರಿಲ್‌ನಲ್ಲಿ ಅಮೆರಿಕದ ಕ್ರಿಪ್ಟಿಕ್ ಸ್ಟುಡಿಯೋಸ್ ರಚಿಸಿದ ಆಟವನ್ನು ಕೊರಿಯಾದ ಎನ್‌ಸಿಸಾಫ್ಟ್ ಹೊರತಂದಿತು. ಕ್ಷೇತ್ರ, ರೋಡ್ ಐಲೆಂಡ್ ರಾಜ್ಯದಲ್ಲಿದೆಯೆಂದು ಕಲ್ಪಿಸಿದ ಪ್ಯಾರಗಾನ್ ಸಿಟಿ. ಆದಿಯಲ್ಲಿ ವರ್ಣಗಳು ಐದು: ದೂರದಿಂದ ಸುಡುವ ಬ್ಲಾಸ್ಟರ್, ಹತ್ತಿರ ಹೋಗಿ ಬಡಿಯುವ ಸ್ಕ್ರ್ಯಾಪರ್, ಎಲ್ಲರ ಏಟನ್ನೂ ತಾನೇ ತಿನ್ನುವ ಟ್ಯಾಂಕರ್, ಶತ್ರುವನ್ನು ನಿಂತಲ್ಲೇ ಕಟ್ಟಿಹಾಕುವ ಕಂಟ್ರೋಲರ್, ಮಿಕ್ಕವರನ್ನು ಬದುಕಿಸಿ ತಾನು ಮಾತ್ರ ಹೆಸರಿಲ್ಲದೆ ಉಳಿಯುವ ಡಿಫೆಂಡರ್. ಈ ಐದನೆಯವರು ಪ್ರತಿ ಮನೆಯ ಅಡುಗೆಮನೆಯಲ್ಲೂ ಇದ್ದಾರೆಂಬುದು ಟೀಕಾಕಾರರ ಮತ.

ಮೊದಲ ಅಧಿಕರಣ: ಗೋಡೆ

ಪೂರ್ವಪಕ್ಷ ಹೀಗೆ: ಹಾರಬಲ್ಲವನಿಗೆ ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಹೋಗಲು ಗೇಟು ಯಾಕೆ? ಆಕಾಶ ಸರಕಾರದ್ದೇ?

ಸಮಾಧಾನ: ಇಡೀ ಊರನ್ನು ಒಟ್ಟಿಗೆ ಹೊತ್ತು ನಿಲ್ಲುವುದು ಆ ಕಾಲದ ಕಂಪ್ಯೂಟರಿಗೆ ಆಗದ ಕೆಲಸ, ಆದ್ದರಿಂದ ತುಂಡು ಮಾಡಿದರು. ಆದರೆ ಹಾಗೆಂದು ಬಾಯಿಬಿಟ್ಟರೆ ಪುರಾಣ ಕೆಡುತ್ತದೆ. ಬೇರೆ ಆಯಾಮದಿಂದ ರಿಕ್ಟಿ ಎಂಬುವರು ದಂಡೆತ್ತಿ ಬಂದರು, ಅವರನ್ನು ತಡೆಯಲು ಬಡಾವಣೆಗಳ ಸುತ್ತ ಬೆಳಕಿನ ಯುದ್ಧಗೋಡೆ ಎಬ್ಬಿಸಲಾಯಿತು ಎಂದು ಬರೆದರು. ದೇವರ ಮೂಗು ಮುಕ್ಕಾಗಿದ್ದರೆ ಸ್ಥಳಪುರಾಣದಲ್ಲಿ ಅದಕ್ಕೊಂದು ಅಧ್ಯಾಯ ಹುಟ್ಟುವುದಿಲ್ಲವೇ? ಇದೂ ಅದೇ ಜಾತಿ. ಇದರಿಂದ ನಮಗೆ ದಕ್ಕುವ ಸೂತ್ರ: ಇಲ್ಲದ್ದಕ್ಕೆ ಹೇಳುವ ಕಾರಣಕ್ಕೇ ಲೋಕವೆಂದು ಹೆಸರು.

ಎರಡನೆಯ ಅಧಿಕರಣ: ಶಲ್ಯ

ಸೂಪರ್‌ಹೀರೋ ಎಂದರೆ ಬೆನ್ನ ಮೇಲೊಂದು ಶಲ್ಯ ಹಾರಾಡಬೇಕು. ಆಟ ಶುರುವಾದಾಗ ಯಾವ ಆಟಗಾರನ ಬೆನ್ನಿಗೂ ಅದಿರಲಿಲ್ಲ. ಹೊಲಿದು ಮುಗಿದಿರಲಿಲ್ಲ, ಅಷ್ಟೇ. ಸೆಪ್ಟೆಂಬರಿನಲ್ಲಿ ಬಂದದ್ದು ಎರಡು: ಒಂದು ಶಲ್ಯ, ಇನ್ನೊಂದು ಇಷ್ಟು ದಿನ ಅದು ಇಲ್ಲದ್ದಕ್ಕೆ ಕಾರಣ. ರಿಕ್ಟಿ ಯುದ್ಧದಲ್ಲಿ ಹೀರೋ 1 ಎಂಬ ಮಹಾವೀರ ಶತ್ರುಲೋಕದ ಬಾಗಿಲು ಹೊಕ್ಕವನು ಮರಳಲಿಲ್ಲ, ಅವನ ಗೌರವಾರ್ಥ ಊರ ವೀರರು ಶಲ್ಯ ತೊರೆದಿದ್ದರು ಎಂದಾಯಿತು. ಇನ್ನು ಮುಂದೆ ಬೇಕಾದವರು 20ನೇ ಲೆವೆಲ್ ಮುಟ್ಟಿ, ನಗರಸಭೆಗೆ ಹೋಗಿ, ಆ ಕಥೆ ಕೇಳಿ, ಹೇಳಿದ ಕೆಲಸ ಮಾಡಿಕೊಟ್ಟು ಹೊದೆಯಬಹುದು. ದರ್ಜಿಯ ವಿಳಂಬವನ್ನು ಸೂತಕವನ್ನಾಗಿಸಿದ ಇಂಥ ಪ್ರತಿಭೆ ವಿಶ್ವಸಾಹಿತ್ಯದಲ್ಲಿ ವಿರಳ.

ಮೂರನೆಯ ಅಧಿಕರಣ: ಶಕ್ತಿ

ಹಾರಾಟವನ್ನು ಹತ್ತಿರದಿಂದ ಪರೀಕ್ಷಿಸೋಣ. ಮೊದಲ ವರ್ಷಗಳಲ್ಲಿ ಸರಿಯಾಗಿ ಹಾರಲು 14ನೇ ಲೆವೆಲ್ ಆಗಬೇಕಿತ್ತು. ಅಲ್ಲಿಯತನಕ ‘ಹೋವರ್’ ಎಂಬ ತೇಲುವಿಕೆ. ವೀರ ನೆಲದಿಂದ ಎರಡಾಳೆತ್ತರ ಏರಿ, ಮುಷ್ಟಿ ಬಿಗಿದು, ಎದೆಯುಬ್ಬಿಸಿ, ಮದುವೆ ಮೆರವಣಿಗೆಯ ವೇಗದಲ್ಲಿ ಮುಂದೆ ಸಾಗುತ್ತಾನೆ. ಕೆಳಗೆ ಓಡುತ್ತಿರುವ ಕಳ್ಳ ಅವನಿಗಿಂತ ಚುರುಕು. ದೇಹಬಲದ ಪಟ್ಟಿ ಖಾಲಿಯಾದರೆ ಶಕ್ತಿ ತಾನಾಗಿ ಆರಿ ವೀರ ಧೊಪ್ಪನೆ ಬೀಳುತ್ತಾನೆ. ಬಿದ್ದು ಸಾಯುವಂತಿಲ್ಲ, ಗುಟುಕು ಜೀವ ಉಳಿಯಲೇಬೇಕೆಂದು ನಿಯಮ. ಉಳಿದ ಗುಟುಕನ್ನು ತೆಗೆಯಲು ಕಳ್ಳ ಹಿಂದಿರುಗಿ ಬರುತ್ತಾನೆ.

ಆಗಲೂ ಸಾವಿಲ್ಲ. ಮೆಡಿಪೋರ್ಟ್ ಎಂಬ ಯಂತ್ರ ಕ್ಷಣದಲ್ಲಿ ಆಸ್ಪತ್ರೆಗೆ ಒಯ್ಯುತ್ತದೆ. ಬಿಲ್ಲು ಕೊಡುವುದಿಲ್ಲ, ಸಾಲ ಹೊರಿಸುತ್ತದೆ. ಆ ಸಾಲ ತೀರುವವರೆಗೆ ಮುಂದೆ ಗಳಿಸುವ ಅನುಭವದಲ್ಲಿ ಅರ್ಧ ಅದಕ್ಕೇ ಜಮೆ. ಸಾಯುವುದಕ್ಕಿಂತ ಸಾಲ ಕಷ್ಟವೆಂದು ಬಲ್ಲ ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ನಾಣ್ಯ. ವೀರರು ದುಡ್ಡು ಮುಟ್ಟುವುದಿಲ್ಲ. ಅಂಗಡಿಯಲ್ಲಿ ನಡೆಯುವುದು ‘ಇನ್‌ಫ್ಲುಯೆನ್ಸ್’. ಇದನ್ನು ಕಲ್ಪನೆಯೆಂದು ಬಗೆದ ಪಾಶ್ಚಾತ್ಯ ವಿದ್ವಾಂಸರು ನಮ್ಮ ಯಾವ ಕಚೇರಿಯ ಮೆಟ್ಟಿಲನ್ನೂ ಹತ್ತಿದವರಲ್ಲ.

ನಾಲ್ಕನೆಯ ಅಧಿಕರಣ: ಅನುಕರಣ

ಬೇಕಾದ ಮೈಕಟ್ಟು, ಬೇಕಾದ ಬಣ್ಣ ಎಂದು ಬಿಟ್ಟರೆ ಜನ ಏನು ಮಾಡುತ್ತಾರೆ? ಹಸಿರು ದೈತ್ಯನನ್ನೂ ಉಗುರಿನ ವೀರನನ್ನೂ ಮಾಡಿಕೊಳ್ಳುತ್ತಾರೆ. 2004ರ ನವೆಂಬರ್‌ನಲ್ಲಿ ಆ ಇಬ್ಬರ ಒಡೆತನದ ಮಾರ್ವೆಲ್ ಕಂಪನಿ ಕೋರ್ಟಿಗೆ ಹೋಯಿತು. ಆಮೇಲೆ ನೋಡಿದರೆ, ಸಾಕ್ಷ್ಯವೆಂದು ಕೊಟ್ಟಿದ್ದ ಕೆಲವು ನಕಲಿಗಳನ್ನು ಆಟದೊಳಗೆ ಕೂತು ತಯಾರಿಸಿದ್ದು ಮಾರ್ವೆಲ್ ಕಡೆಯವರೇ. ನ್ಯಾಯಾಲಯ ಅವನ್ನು ಕಡತದಿಂದ ಕಿತ್ತುಹಾಕಿತು. 2005ರ ಡಿಸೆಂಬರ್‌ನಲ್ಲಿ ರಾಜಿಯಾಯಿತು. ಪ್ರತಿಪಕ್ಷಿಯ ವಾದವನ್ನು ತಾನೇ ಕಟ್ಟಿ ತಾನೇ ಖಂಡಿಸುವುದು ಶಾಸ್ತ್ರಕಾರರ ಹಳೆಯ ಚಾಳಿ. ಮಾರ್ವೆಲ್ ಆ ಪರಂಪರೆಗೆ ಸೇರಿತೆಂದು ತಿಳಿದರೆ ಸಾಕು.

ಕೊನೆಯ ಅಧಿಕರಣ: ಪ್ರಳಯ

2012ರ ಆಗಸ್ಟ್ ಕೊನೆಯಲ್ಲಿ ಆಟ ಮುಚ್ಚುವ ಪ್ರಕಟಣೆ ಬಂತು. ಕಂಪನಿಯ ಗಮನ ಬೇರೆ ಕಡೆ ಹೊರಳಿದೆ ಎಂಬರ್ಥದ ಕಾರಣ ಕೊಟ್ಟಿದ್ದರು. ಗೋಡೆಗೆ ಯುದ್ಧದ ಕಥೆ, ಶಲ್ಯಕ್ಕೆ ಬಲಿದಾನದ ಕಥೆ ಕೇಳಿ ಬೆಳೆದವರ ಕೈಗೆ ಈಗ ಸಿಕ್ಕಿದ್ದು ಸುತ್ತೋಲೆ. ಅವರು ಅಟ್ಲಾಸ್ ಪಾರ್ಕಿನಲ್ಲಿ, ಭೂಗೋಳ ಹೊತ್ತ ಪ್ರತಿಮೆಯ ಮುಂದೆ ಪಂಜು ಹಿಡಿದು ಸೇರಿದರು. ನವೆಂಬರ್ 30ಕ್ಕೆ ದೀಪ ಆರಿತು.

ಪಾಂಡವರ ಅಜ್ಞಾತವಾಸ ಒಂದೇ ವರ್ಷ. ಇವರದು ಆರು ದಾಟಿತು. ಕೆಲವು ಅಭಿಮಾನಿಗಳು ಗುಟ್ಟಾಗಿ ಆಟ ನಡೆಸಿಕೊಂಡು ಬಂದಿದ್ದಾರೆಂದು 2019ರ ಏಪ್ರಿಲ್‌ನಲ್ಲಿ ಬಯಲಾಯಿತು. ಆಟದ ಕೋಡ್ ಹೊರಬಿದ್ದು ‘ಹೋಮ್‌ಕಮಿಂಗ್’ ಎಂಬ ಸಾರ್ವಜನಿಕ ಸರ್ವರ್ ಎದ್ದಿತು. ದೇಣಿಗೆಯಿಂದ ನಡೆಯುವ ಅದಕ್ಕೆ 2024ರ ಜನವರಿಯಲ್ಲಿ ಎನ್‌ಸಿಸಾಫ್ಟ್ ತಾನೇ ಪರವಾನಗಿ ಕೊಟ್ಟಿತು.

ಫಲಶ್ರುತಿ: ಇದನ್ನು ಓದಿದವರಿಗೆ ಹಾರುವ ಶಕ್ತಿ ಬರುವುದಿಲ್ಲ, ಕೇಳಿದವರ ಸಾಲ ತೀರುವುದಿಲ್ಲ. ಆದರೆ ಲೋಕ ಕಟ್ಟುವವರು ಒಂದು ಮಾತು ಗಂಟುಕಟ್ಟಿಕೊಳ್ಳಲಿ. ಇಲ್ಲದ್ದಕ್ಕೆಲ್ಲ ಕಥೆ ಹೇಳಿ, ಜನ ನಂಬುತ್ತಾರೆ. ನಂಬಿದವರ ಕೈಗೆ ಮಾತ್ರ ಸುತ್ತೋಲೆ ಕೊಡಬೇಡಿ. ಅವರು ಊರನ್ನೇ ಹೊತ್ತುಕೊಂಡು ಹೋಗಿಬಿಡುತ್ತಾರೆ.