ಜೋನಿಬೆಲ್ಲದ ಮರ

ಸುಮ್ಮನೆ ನಿಂತ ಮರ ಕಂಡರೆ ನಮ್ಮ ಜನಕ್ಕೆ ಸಮಾಧಾನವಿಲ್ಲ. ಅದು ಹೂವಾದರೂ ಬಿಡಬೇಕು, ಕಾಯಾದರೂ ಬಿಡಬೇಕು. ಎರಡೂ ಇಲ್ಲ ಅಂದರೆ ತೊಗಟೆ ಕುದಿಸಿದರೆ ಯಾರದಾದರೂ ಮಂಡಿನೋವಿಗಾದರೂ ಆಗಬೇಕು. ಹೀಗಿರುವಾಗ ಮಿಸಿಸಾಗಾದ ನಮ್ಮ ಹಿತ್ತಿಲಲ್ಲಿ ಒಂದು ಮೇಪಲ್ ಗಿಡ ನೆಡೋಣ ಎಂಬ ಮಾತೆದ್ದಾಗ ಮನೆಯಲ್ಲಿ ಪ್ರತಿಯೊಬ್ಬರೂ ಅದರಿಂದ ತಮಗೇನು ದಕ್ಕುತ್ತದೆ ಎಂದು ಲೆಕ್ಕ ಹಾಕತೊಡಗಿದ್ದರಲ್ಲಿ ಆಶ್ಚರ್ಯವಿಲ್ಲ.

ಮಗನಿಗೆ ಕೆನಡಾದ ಧ್ವಜದಲ್ಲಿರುವಂಥ ಕೆಂಪು ಎಲೆ ಬೇಕು. ಅವನು ಟೊರಾಂಟೊ ಮೇಪಲ್ ಲೀಫ್ಸ್ ಹಾಕಿ ತಂಡದ ಪರಮಭಕ್ತ. ಆ ತಂಡ ಸ್ಟ್ಯಾನ್ಲಿ ಕಪ್ ಎತ್ತಿದ್ದು 1967ರಲ್ಲಿ, ಅದೇ ಕೊನೆ. ಮೊದಲಾದರೆ ಅಪ್ಪ ಮಗ ಇಬ್ಬರೂ ಸೋಫಾದ ಎರಡು ತುದಿಯಲ್ಲಿ ಕೂತು ಒಟ್ಟಿಗೇ ಕೊರಗುತ್ತಿದ್ದರು. 2025ರಲ್ಲಿ ಆರ್‌ಸಿಬಿ ಗೆದ್ದುಬಿಟ್ಟಿತು ನೋಡಿ, ಈಗ ಹುಡುಗ ಒಂಟಿ. ಮರವಾದರೂ ಅವನ ಮಾತು ಕೇಳಲಿ ಎಂದು ನನಗೂ ಅನ್ನಿಸಿತು.

ನನಗೆ ಬೇಕಿದ್ದದ್ದು ಜಪಾನಿ ಮೇಪಲ್. ಗಿಡ್ಡ, ನಾಜೂಕು, ಕತ್ತರಿಸಿಟ್ಟಂಥ ಎಲೆ, ವಸಂತದಿಂದಲೇ ದಾಳಿಂಬೆ ಬಣ್ಣ. ನರ್ಸರಿಯಲ್ಲಿ ಅದರ ಬೆಲೆಚೀಟಿ ನೋಡಿದ ನಮ್ಮವರು, “ಇದನ್ನು ಹಿತ್ತಿಲಲ್ಲಿ ಇಡೋದಲ್ಲ ಕಣೇ, ಲಾಕರಿನಲ್ಲಿ ಇಡಬೇಕು” ಅಂದರು. ಮಧ್ಯಾಹ್ನದ ಬಿಸಿಲಿಗೆ ಎಲೆಯ ಅಂಚು ಸುಟ್ಟುಕೊಳ್ಳುತ್ತದೆ, ಚಳಿಗಾಲದ ಗಾಳಿಗೆ ಟಿಸಿಲು ಒಣಗುತ್ತದೆ ಎಂದು ಬೇರೆ ಹೆದರಿಸಿದರು.

ನಮ್ಮವರು ಐಟಿಯವರು. ಎಕ್ಸೆಲ್ ತೆರೆಯದೆ ತರಕಾರಿಯನ್ನೂ ತರುವವರಲ್ಲ. ಸಿಲ್ವರ್ ಮೇಪಲ್: ಬೇಗ ಬೆಳೆಯುತ್ತದೆ, ಆದರೆ ಮರ ಪೆಡಸು, ಬಿರುಗಾಳಿಗೆ ಕೊಂಬೆ ಮುರಿಯುತ್ತದೆ, ಬೇರು ಚರಂಡಿಯ ಪೈಪು ಹುಡುಕಿಕೊಂಡು ಹೋಗುತ್ತದೆ. ನಾರ್ವೆ ಮೇಪಲ್: ಎಂಥ ಮಣ್ಣಿಗೂ ಸೈ, ಆದರೆ ಅದರ ನೆರಳಲ್ಲಿ ಹುಲ್ಲೂ ಏಳದು. ಯುರೋಪಿನಿಂದ ಬಂದು ಇಲ್ಲಿಯ ಕಾಡನ್ನೇ ನುಂಗುತ್ತಿರುವ ಮರವೆಂದು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಅದನ್ನು ಮಾರುವಂತೆಯೇ ಇಲ್ಲ. ರೆಡ್ ಮೇಪಲ್: ಹುಳಿಮಣ್ಣು ಬೇಕು, ನಮ್ಮ ಬಡಾವಣೆಯ ಸುಣ್ಣದಂಶದ ಜೇಡಿಯಲ್ಲಿ ಎಲೆ ಹಳದಿಗಟ್ಟೀತು. ಹೀಗೆ ಎಲ್ಲ ಸಾಲಿಗೂ ಕೆಂಪು ಬಣ್ಣ ಬಳಿದು, ಇನ್ನೊಂದು ವರ್ಷ ಯೋಚಿಸೋಣ ಎಂದು ಫೈಲು ಮುಚ್ಚುವ ಹೊತ್ತಿಗೆ ಸಾಗರದಿಂದ ನಮ್ಮತ್ತೆ ಬಂದಿಳಿದರು.

ಅತ್ತೆ ಅಡಿಕೆ ತೋಟದವರು. ಅವರಿಗೆ ಊರು ತೋರಿಸಬೇಕಲ್ಲ, ಏಪ್ರಿಲ್‌ನಲ್ಲಿ ಎಲ್ಮೈರಾಕ್ಕೆ ಕರೆದೊಯ್ದೆವು. ಮೆನೊನೈಟ್ ರೈತರು ಇವತ್ತಿಗೂ ಕುದುರೆಗಾಡಿಯಲ್ಲಿ ಓಡಾಡುವ ಊರದು. ಅಲ್ಲಿ 1965ರಿಂದ ಮೇಪಲ್ ಸಿರಪ್ಪಿನ ಹಬ್ಬ ನಡೆಯುತ್ತಿದೆ. ಕೆನಡಾದ ಧ್ವಜಕ್ಕೆ ಆ ಕೆಂಪೆಲೆ ಬಂದದ್ದೂ ಅದೇ ವರ್ಷ.

ಜಾತ್ರೆಯ ಗದ್ದಲಕ್ಕೆ, ಪ್ಯಾನ್‌ಕೇಕಿಗೆ ಅತ್ತೆ ಸೊಪ್ಪು ಹಾಕಲಿಲ್ಲ. ತೋಪಿನೊಳಗಿನ ಮರದ ಗುಡಿಸಲಿಗೆ ಕಾಲಿಟ್ಟದ್ದೇ ತಡ, ಕಣ್ಣರಳಿತು. ಕೆಳಗೆ ಸೌದೆಯ ಒಲೆ, ಮೇಲೆ ಅಗಲವಾದ ತಗಡಿನ ಬಾಣಲೆ, ಮಾಡಿನ ಕಿಂಡಿಯಿಂದ ಭುಸುಗುಡುತ್ತ ಏಳುವ ಹಬೆ. “ಆಲೆಮನೆ!” ಅಂದರು. ಆಮೇಲೆ ಅವರನ್ನು ಅಲ್ಲಿಂದ ಅಲುಗಾಡಿಸುವುದು ಯಾರಿಂದಲೂ ಆಗಲಿಲ್ಲ. ಮರದಿಂದ ಆಗಷ್ಟೇ ಇಳಿಸಿದ ರಸವನ್ನು ಒಂದು ಲೋಟ ಕೊಟ್ಟರು. ಕುಡಿದು ನೋಡಿ ಮುಖ ಸಿಂಡರಿಸಿದರು. “ಎಂತದಿದು, ಬರೀ ನೀರು! ಕಬ್ಬಿನ ಹಾಲಿಗೆ ಹೀಗೆ ನೀರು ಬೆರೆಸಿದ್ರೆ ನಮ್ಮಲ್ಲಿ ಗಾಣದವ್ನ ಬಿಡ್ತಿರ್ಲಿಲ್ಲ.” ಅದರಲ್ಲಿ ಸಕ್ಕರೆ ಇರುವುದೇ ನೂರಕ್ಕೆ ಎರಡರಷ್ಟು, 40 ಲೀಟರು ಕಾಯಿಸಿದರೆ 1 ಲೀಟರು ಸಿರಪ್ಪು ಎಂದು ನಮ್ಮವರು ವಿವರಿಸಿದರು. ನೂರು ಕಿಲೋ ಕಬ್ಬಿಗೆ ಹತ್ತು ಕಿಲೋ ಬೆಲ್ಲ ಕಂಡ ಜೀವ ಅದು. “ಇಷ್ಟು ಸೌದೆ ಸುಟ್ಟು ಇಷ್ಟೇಯಾ?” ಎಂದು ಕೆನಡಾದ ಅರಣ್ಯ ಸಂಪತ್ತಿಗಾಗಿ ಮರುಗಿದರು.

ಆದರೆ ಪಾಕದ ವಿಷಯಕ್ಕೆ ಬಂದಾಗ ಮಾತು ನಿಂತಿತು. ಒಲೆಯ ಮುಂದಿದ್ದ ಮುದುಕ ಸೌಟನ್ನು ಅದ್ದಿ ಎತ್ತಿ ಓರೆ ಹಿಡಿದ. ಮೊದಲು ಹನಿಹನಿಯಾಗಿ ಬಿತ್ತು. ಇನ್ನಷ್ಟು ಹೊತ್ತು ಕುದಿಸಿ ಮತ್ತೆ ಎತ್ತಿದ. ಈ ಸಲ ಹನಿಗಳು ಸೌಟಿನ ಅಂಚಿನಲ್ಲೇ ಒಂದಕ್ಕೊಂದು ಕೂಡಿಕೊಂಡು, ತೆಳ್ಳನೆ ಪರದೆಯಾಗಿ ಜೋತುಬಿದ್ದವು. “ಬಂತು!” ಅಂದರು ಅತ್ತೆ. ಅವನು ತಲೆಯಾಡಿಸಿದ್ದು ಅದರ ಮೇಲೆ. ಕನ್ನಡ ಬಾರದ ಆ ಮನುಷ್ಯ ಅತ್ತೆಗೆ ಮಾತ್ರ ಎರಡನೇ ಚಮಚ ಕೊಟ್ಟ, ನಮಗೆ ಒಂದೇ.

ಮನೆಗೆ ಬಂದು ದೋಸೆಯ ಮೇಲೆ ಆ ಸಿರಪ್ಪನ್ನೂ ತುಪ್ಪವನ್ನೂ ಸುರಿದುಕೊಂಡು ತೀರ್ಪು ಕೊಟ್ಟರು: “ಇದು ಜೋನಿಬೆಲ್ಲವೇ. ಹಾಕೂದಾದ್ರೆ ಇದೇ ಮರ ಹಾಕಿ.”

ಶುಗರ್ ಮೇಪಲ್ ಎಂಬ ಸಾಲು ಎಕ್ಸೆಲ್ಲಿನಲ್ಲಿ ಎಲ್ಲಕ್ಕಿಂತ ಕೆಳಗಿತ್ತು. ನಮ್ಮವರು ತಾಯಿಗೆ ಓದಿ ಹೇಳಿದರು. “ಆಯಿ, ಇದು ನಿಧಾನಕ್ಕೆ ಬೆಳೆಯೋ ಮರ. ಕಾಂಡ ಒಂದಡಿಯ ಹತ್ತಿರ ದಪ್ಪ ಆಗೋ ತನಕ ರಸ ತೆಗೆಯೋ ಹಾಗಿಲ್ಲ. ಅದಕ್ಕೆ ಮೂವತ್ತು ನಲವತ್ತು ವರ್ಷ ಬೇಕು. ಅಷ್ಟು ಹೊತ್ತಿಗೆ ಅಪ್ಪಿಗೆ ಐವತ್ತಾಗಿರುತ್ತೆ, ನಮ್ಮ ವಂಶದ ಸಕ್ಕರೆ ಕಾಯಿಲೆ ಬಂದಿರುತ್ತೆ. ಬೆಲ್ಲ ತಿಂದು ಎಂತ ಮಾಡ್ತಾನೆ?”

“ಅವ್ನಿಗೆ ಆಗದಿದ್ರೆ ಮಾರ್ತಾನೆ” ಅಂದರು ಅತ್ತೆ.

ಸೆಪ್ಟೆಂಬರಿನಲ್ಲಿ ಬಿಸಿಲಿನ ಕಾವಿಳಿದ ಮೇಲೆ ನೆಡುವುದೆಂದಾಯಿತು. ಒಂಟಾರಿಯೊದಲ್ಲಿ ಸ್ವಂತ ಹಿತ್ತಿಲಲ್ಲೇ ಆದರೂ ಗುಂಡಿ ತೋಡುವ ಮುಂಚೆ ಒಂದು ನಂಬರಿಗೆ ಫೋನು ಮಾಡಿ ತಿಳಿಸಬೇಕು. ಅವರು ಬಂದು ನೆಲದೊಳಗಿನ ಗ್ಯಾಸಿನ ಪೈಪಿಗೆ ಹಳದಿ, ಕರೆಂಟಿಗೆ ಕೆಂಪು, ಟೆಲಿಫೋನಿಗೆ ಕಿತ್ತಳೆ ಗೆರೆ ಎಳೆದು ಪುಟ್ಟ ಬಾವುಟ ಚುಚ್ಚಿ ಹೋಗುತ್ತಾರೆ, ದುಡ್ಡಿಲ್ಲದೆ. ಮಧ್ಯಾಹ್ನದ ನಿದ್ದೆಯಿಂದೆದ್ದ ಅತ್ತೆ ಹುಲ್ಲಿನ ಮೇಲಿನ ಬಣ್ಣ ನೋಡಿ, “ಗಿಡ ನೆಡೂಕೆ ಇಲ್ಲೂ ಮಂಡಲ ಬರೀತಾರಾ? ಭಟ್ರು ಯಾವಾಗ ಬಂದಿದ್ರು?” ಎಂದು ಕೇಳಿದರು. ದಕ್ಷಿಣೆ ತೆಗೆದುಕೊಳ್ಳದೆ ಹೋದರು ಎಂದು ತಿಳಿದ ಮೇಲೆ ಭಟ್ಟರಲ್ಲ ಎಂಬುದು ಅವರಿಗೂ ಖಾತ್ರಿಯಾಯಿತು.

ಜಗಳ ಹತ್ತಿದ್ದು ಗುಂಡಿಯ ಆಳದಲ್ಲಿ. ಅಡಿಕೆ ಸಸಿಗೆ ಮೂರಡಿ ಗುಂಡಿ ತೆಗೆದು ಒಳಗಿಳಿಸಿ, ಬೆಳೆದಂತೆ ಮಣ್ಣು ತುಂಬುತ್ತ ಬರುವುದು ಅತ್ತೆ ಕಂಡ ಕ್ರಮ. ನಮ್ಮವರು ನೋಡಿದ ವಿಡಿಯೊ ಅದಕ್ಕೆ ತದ್ವಿರುದ್ಧ: ಗುಂಡಿ ಬೇರಿನ ಗಡ್ಡೆಯ ಎರಡು ಮೂರು ಪಟ್ಟು ಅಗಲವಿರಲಿ, ಆಳ ಮಾತ್ರ ಗಡ್ಡೆಯಷ್ಟೇ. ತಾಯಿ ಗುದ್ದಲಿ ಬಿಡಲೊಲ್ಲರು, ಮಗ ಫೋನು ಬಿಡಲೊಲ್ಲರು. ಕೊನೆಗೆ ಪಕ್ಕದ ಮನೆಯ ಇಟಲಿ ಅಜ್ಜ ಬೇಲಿ ದಾಟಿ ಬಂದ. ಗಡ್ಡೆಗೆ ಸುತ್ತಿದ್ದ ತಂತಿ, ಗೋಣಿ ಎರಡನ್ನೂ ಕತ್ತರಿಸಿ ಎಸೆದ. ಕಾಂಡದ ಬುಡದ ಮಣ್ಣನ್ನು ಬೆರಳಿನಿಂದ ಬಿಡಿಸಿ, ಬೇರು ಹರಡುವಲ್ಲಿ ಬುಡ ಅಗಲವಾಗುತ್ತದಲ್ಲ, ಆ ಜಾಗ ತೋರಿಸಿದ. ಆಮೇಲೆ ತನ್ನ ಕುತ್ತಿಗೆಯನ್ನು ತಾನೇ ಹಿಸುಕಿಕೊಂಡು, ನಾಲಿಗೆ ಚಾಚಿ, ಕಣ್ಣು ತೇಲಿಸಿದ. ಅಲ್ಲಿಗೆ ಮಣ್ಣು ಮುಚ್ಚಿದರೆ ಬೇರು ಸುತ್ತಿಕೊಂಡು ಮರ ಉಸಿರುಕಟ್ಟಿ ಸಾಯುತ್ತದೆ ಎಂದರ್ಥ. ವಿಡಿಯೊಗೆ ಬಗ್ಗದ ಅತ್ತೆ ಈ ನಾಟಕಕ್ಕೆ ಬಗ್ಗಿದರು. ನವೆಂಬರಿನಲ್ಲಿ ಅದೇ ಅಜ್ಜ ಚಳಿಗೆ ಹೆದರಿ ತನ್ನ ಅಂಜೂರದ ಗಿಡವನ್ನು ಬಗ್ಗಿಸಿ, ತುದಿಯವರೆಗೂ ಮಣ್ಣಿನಲ್ಲಿ ಹುಗಿಯುವುದನ್ನು ಕಿಟಕಿಯಿಂದ ನೋಡಿದವರು, “ನಮಗೆ ಕುತ್ತಿಗೆ ಹುಗೀಬೇಡಿ ಅಂದ ಗಿರಾಕಿ!” ಎಂದು ಊರಿಗೆಲ್ಲ ಫೋನು ಮಾಡಿ ಹೇಳಿದರು.

ಅದಕ್ಕೂ ಮುಂಚೆ ಎಲೆ ಉದುರುವ ಕಾಲ ಬಂತು. ಬೀದಿಯವರೆಲ್ಲ ಎಲೆ ಗುಡಿಸಿ, ಕಂದು ಕಾಗದದ ಚೀಲಕ್ಕೆ ತುಂಬಿ, ಕಸದ ಗಾಡಿಗೆಂದು ರಸ್ತೆಯಂಚಿಗೆ ಇಟ್ಟರು. ಮಲೆನಾಡಿನಲ್ಲಿ ದರಕು ಅಂದರೆ ಸಾಮಾನ್ಯವೇ? ಗುಡಿಸಿ, ಹೊತ್ತು, ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ತೋಟಕ್ಕೆ ಹಾಕಿದವರ ಕಣ್ಣಿಗೆ ಆ ಸಾಲು ಸಾಲು ಚೀಲ ಬಿತ್ತು. ನಾವು ಆಫೀಸಿನಿಂದ ಬರುವಷ್ಟರಲ್ಲಿ ಅಜ್ಜಿ ಮೊಮ್ಮಗ ಸೇರಿ ಅರ್ಧ ಬೀದಿಯ ಚೀಲಗಳನ್ನು ಹಿತ್ತಿಲಿಗೆ ಎಳೆದು ತಂದಿದ್ದರು. ಪಟ್ಟಾಗಿ ಕೂತು ವಿಂಗಡಣೆ ನಡೆದಿತ್ತು. ತೊಟ್ಟು ಮುರಿದು ನೋಡುವುದು, ಹಾಲು ಬಂದರೆ ಆಚೆ. “ಬೆಲ್ಲದ ಮರಕ್ಕೆ ಹಾಲಿಲ್ಲ ಮಾರಾಯ್ತಿ, ಇದು ಬೇರೆ ಜಾತಿ.” ಗೂಗಲ್ ಮಾಡಿದೆ. ತೊಟ್ಟಿನಲ್ಲಿ ಹಾಲು ಬರುವುದು ನಾರ್ವೆ ಮೇಪಲ್‌ಗೇ. 2013ರಲ್ಲಿ ಕೆನಡಾದ ಹೊಸ ನೋಟಿನ ಮೇಲಿರುವುದು ನಮ್ಮ ಎಲೆಯಲ್ಲ, ನಾರ್ವೆಯದು ಎಂದು ಸಸ್ಯಶಾಸ್ತ್ರಜ್ಞರು ತಕರಾರು ತೆಗೆದಿದ್ದರು. ಅವತ್ತು ಅತ್ತೆ ಇದ್ದಿದ್ದರೆ ಅಚ್ಚಾಗುವ ಮುಂಚೆಯೇ ನೋಟು ವಾಪಸಾಗುತ್ತಿತ್ತು.

ಆ ಎಲೆಗಳ ಮೇಲೆ ಡಾಂಬರು ಚಿಮ್ಮಿದ ಹಾಗೆ ಕಪ್ಪು ಚುಕ್ಕೆ. ಅತ್ತೆಯ ಎದೆ ಧಸಕ್ಕೆಂದಿತು. “ಕೊಳೆ ಬಂದಿದೆ! ಮೈಲುತುತ್ತ, ಸುಣ್ಣ ಎಲ್ಲಿ ಸಿಗ್ತದೆ?” ಇದು ಬರೀ ನೋಟಕ್ಕೆ ಕೆಟ್ಟದಾಗಿ ಕಾಣುವ ಶಿಲೀಂಧ್ರ, ಮರಕ್ಕೇನೂ ಆಗದು, ಅಂಗಳದ ಅಂದಕ್ಕೆಂದು ಔಷಧಿ ಹೊಡೆಯುವುದಕ್ಕೆ ಇಲ್ಲಿ 2009ರಿಂದ ನಿರ್ಬಂಧವಿದೆ ಎಂದು ನಮ್ಮವರು ಸಮಾಧಾನ ಹೇಳಿದರು. ಚುಕ್ಕೆಯೆಲೆ ಬೀದಿಗೆ ವಾಪಸು ಹೋಯಿತು. ಉಳಿದದ್ದನ್ನು ಗಿಡದ ಸುತ್ತ ಬಳೆಯಾಕಾರಕ್ಕೆ, ಬುಡಕ್ಕೆ ತಾಗದ ಹಾಗೆ ಹಾಸಿದರು.

ಅತ್ತೆ ಊರಿಗೆ ಹೋದರು. ಮೊಲ ತೊಗಟೆ ತಿನ್ನದಂತೆ ಕಾಂಡಕ್ಕೆ ಜಾಲರಿ ಸುತ್ತಿದೆವು, ಗಿಡ ಚಳಿಗಾಲ ದಾಟಿ ಚಿಗುರಿತು. ಮರುವರ್ಷ ಅಕ್ಟೋಬರ್ ಬಂದಾಗ ಬೀದಿಯವರು ನಮ್ಮನ್ನು ಮರೆಯಲಿಲ್ಲ. ಈ ಮನೆಯವರಿಗೆ ಎಲೆಯೆಂದರೆ ಪ್ರಾಣ ಎಂದು ತಿಳಿದು, ತಾವೇ ಚೀಲ ಹೊತ್ತು ತಂದು ಬಾಗಿಲಲ್ಲಿಟ್ಟು ಬೆಲ್ ಮಾಡಿ ನಗುತ್ತ ಹೋಗುತ್ತಾರೆ. ಬೇಡ ಎನ್ನಲು ನಮಗೆ ಬಾಯಿಲ್ಲ. ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ. ನಮ್ಮವರು ರಾತ್ರಿ ಹನ್ನೊಂದರ ಮೇಲೆ ಟೋಪಿ ಎಳೆದುಕೊಂಡು, ಕಂಕುಳಿಗೊಂದರಂತೆ ಚೀಲ ಅಮುಕಿಕೊಂಡು ಹೋಗಿ ಮೂಲೆಮನೆಯ ಮುಂದೆ ಇಟ್ಟು ಬರುತ್ತಾರೆ. ಬೆಳಿಗ್ಗೆ ಬಾಗಿಲು ತೆರೆದರೆ ಅವು ವಾಪಸು ಬಂದಿರುತ್ತವೆ, ಜೊತೆಗೆ ಇನ್ನೆರಡನ್ನು ಕರೆದುಕೊಂಡು.