ಛತ್ರಿ ವ್ಯಾಕರಣ (ಪೂರ್ವಾರ್ಧ, ಉತ್ತರಾರ್ಧ ನ್ಯಾಯಾಲಯದಲ್ಲಿದೆ)

ಶಾಸ್ತ್ರಗ್ರಂಥದ ಆದಿಯಲ್ಲಿ ಮಂಗಳಶ್ಲೋಕ ಇರಬೇಕು. ಇಲ್ಲಿಲ್ಲ. ಯಾವ ದೇವರನ್ನು ಸ್ತುತಿಸಿದರೂ ಪುಸ್ತಕ ಅಚ್ಚಿನಿಂದ ಹೊರಬರುವಷ್ಟರಲ್ಲಿ ಆ ದೇವರು ಬೇರೆ ಗುಡಿ ಸೇರಿರುವ ಸಂಭವ ಈ ವಿಷಯದಲ್ಲಿ ಹೆಚ್ಚು. ಆದ್ದರಿಂದ ನೇರವಾಗಿ ಶಾಸ್ತ್ರಕ್ಕೇ ಇಳಿಯುತ್ತೇನೆ.

ವಿಷಯ: ನೈಜೀರಿಯದ ಪೀಪಲ್ಸ್ ಡೆಮಾಕ್ರಟಿಕ್ ಪಾರ್ಟಿ, ಅರ್ಥಾತ್ ಪಿಡಿಪಿ. 1998ರ ಆಗಸ್ಟಿನಲ್ಲಿ ಜನನ. 1999ರಿಂದ 2015ರವರೆಗೆ 16 ವರ್ಷ ರಾಜ್ಯಭಾರ. ಅದರ ಏಳುಬೀಳನ್ನು ಈವರೆಗೆ ರಾಜ್ಯಶಾಸ್ತ್ರಜ್ಞರು ವಿವರಿಸಹೊರಟು ಸುಸ್ತಾಗಿದ್ದಾರೆ. ಅವರ ತಪ್ಪೇನೆಂದರೆ ಒಡಕಿನ ಹಿಂದೆ ಸಿದ್ಧಾಂತ ಹುಡುಕಿದ್ದು. ಇಲ್ಲದ್ದನ್ನು ಹುಡುಕಿದರೆ ಸುಸ್ತಾಗದೆ ಇನ್ನೇನು? ನೋಡಬೇಕಿದ್ದುದು ವ್ಯಾಕರಣವನ್ನು: ಅಕ್ಷರಕ್ಕೆ ಅಕ್ಷರ ತಾಗಿದಾಗ ಒಂದು ಬೀಳುತ್ತದೆ, ಒಂದು ನುಸುಳುತ್ತದೆ, ಒಂದು ಇನ್ನೊಂದರ ಜಾಗದಲ್ಲಿ ಬಂದು ಕೂರುತ್ತದೆ. ಅಕ್ಷರಗಳಿಗೆ ಪರಸ್ಪರ ದ್ವೇಷವಿಲ್ಲ, ತತ್ತ್ವವೂ ಇಲ್ಲ. ಪಿಡಿಪಿ ಹೀಗೆ ಶುದ್ಧಾಂಗ ವ್ಯಾಕರಣದ ವಸ್ತು.

ಸಂಜ್ಞಾಪ್ರಕರಣ

ಪಕ್ಷದ ಸಂಜ್ಞೆ ಛತ್ರಿ. ಕನ್ನಡದಲ್ಲಿ ಈ ಶಬ್ದಕ್ಕೆ ಎರಡು ಅರ್ಥಗಳಿವೆ: ಮಳೆಗಾಲದಲ್ಲಿ ಒಂದು, ಉಳಿದ ಕಾಲದಲ್ಲಿ ಇನ್ನೊಂದು. ಎರಡನೆಯ ಅರ್ಥ ಚಿಹ್ನೆ ಆರಿಸಿದವರಿಗೆ ತಿಳಿದಿರಲಾರದು. ಆದರೂ ಶಬ್ದ ತನ್ನ ಕೆಲಸ ತಾನು ಮಾಡಿತು.

ಛತ್ರಿಯೇ ಯಾಕೆ? ಜನರಲ್ ಸಾನಿ ಅಬಾಚ ದೇಶವನ್ನು ಆಳುತ್ತಿದ್ದ ಕಾಲ ಅದು. ಆತ ಐದು ಪಕ್ಷಗಳಿಗೆ ಅನುಮತಿ ಕೊಟ್ಟಿದ್ದ; 1998ರಲ್ಲಿ ಐದೂ ಪಕ್ಷಗಳು ಕೂಡಿ, ಬೇರೆ ಬೇರೆಯಾಗಿ ಯೋಚಿಸಿ, ಅಧ್ಯಕ್ಷ ಪದವಿಗೆ ಒಬ್ಬನೇ ಅಭ್ಯರ್ಥಿಯನ್ನು ಕಂಡುಕೊಂಡವು: ಅಬಾಚ. ಇದನ್ನು ವಿರೋಧಿಸಿ 34 ಹಿರಿಯರ ಒಂದು ಗುಂಪು ಎದ್ದುನಿಂತಿತು. ಮುಂದಾಳು ಹಿಂದಿನ ಉಪಾಧ್ಯಕ್ಷ ಅಲೆಕ್ಸ್ ಎಕ್ವುಯೆಮೆ. ಅಬಾಚನ ಎದುರು ಎದ್ದುನಿಲ್ಲುವುದು ಆಗ ತಮಾಷೆಯ ಮಾತಾಗಿರಲಿಲ್ಲ. ಈ ಗ್ರಂಥದಲ್ಲಿ ನಗದೆ ಓದಬೇಕಾದ ವಾಕ್ಯ ಇದೊಂದೇ. ಜೂನ್ 8ರಂದು ಅಬಾಚ ತೀರಿಕೊಂಡ. ಆಮೇಲೆ ನೋಡಿ, ವಿರೋಧಿಸಿದವರು, ವಿರೋಧಿಸದವರು, ನಿವೃತ್ತ ಜನರಲ್‌ಗಳು, ಗುತ್ತಿಗೆದಾರರು, ಊರ ಮುಖಂಡರು ಎಲ್ಲರೂ ಒಂದೇ ಕೊಡೆಯಡಿ ನುಗ್ಗಿದರು. ಅವರೆಲ್ಲ ಒಪ್ಪಿದ ಸಂಗತಿ ಒಂದೇ: ಮಳೆ ಬರಲಿದೆ.

ಬಂತು ಕೂಡ. ಅದು ಕಚ್ಚಾ ತೈಲದ ಮಳೆ. ಇಂಥ ಮಳೆಯಲ್ಲಿ ಛತ್ರಿಯನ್ನು ತಲೆಕೆಳಗಾಗಿ ಹಿಡಿಯುವುದು ವಾಡಿಕೆ. ಆಫ್ರಿಕದ ಅತಿದೊಡ್ಡ ಪಕ್ಷ ಎಂದು ತನ್ನನ್ನು ತಾನೇ ಕರೆದುಕೊಳ್ಳುತ್ತಿದ್ದ ಪಿಡಿಪಿಯ ಸಭೆಗಳಲ್ಲಿ ನಾಯಕ ‘ಪಿಡಿಪಿ!’ ಎಂದರೆ ಜನ ‘ಪವರ್!’ ಎನ್ನಬೇಕು. ಕರೆಂಟು ಹೋದಾಗ ನಮ್ಮ ಮನೆಗಳಲ್ಲಿ ಏಳುವ ಉದ್ಗಾರವೂ ಅದೇ ತಾನೆ. ಸರ್ಕಾರಿ ವಿದ್ಯುತ್ ಸಂಸ್ಥೆಯ ಹೆಸರಿನ ನಾಲ್ಕು ಅಕ್ಷರಗಳನ್ನು ‘ಪವರ್ ಯಾವಾಗಲೂ ಇರುತ್ತದೆಂದು ನಂಬಬೇಡ’ ಎಂದು ಬಿಡಿಸಿ ಹೇಳುವ ದೇಶದಲ್ಲಿ ಆ ಕೂಗಿಗೆ ವಿಶೇಷ ಧ್ವನಿ ಇತ್ತು.

ಸಂಧಿಪ್ರಕರಣ

ಕನ್ನಡದ ಸಂಧಿಗಳು ಮೂರು: ಲೋಪ, ಆಗಮ, ಆದೇಶ. ಪಿಡಿಪಿಗೂ ಅಷ್ಟೇ.

ಸ್ವರದ ಮುಂದೆ ಸ್ವರ ಬಂದರೆ ಮೊದಲಿನದು ಬಿದ್ದುಹೋಗುವುದು ಲೋಪ. 1998ರ ಜೂನಿನಲ್ಲಿ ಸೆರೆಮನೆಯಿಂದ ಹೊರಬಂದ ಒಲುಸೆಗುನ್ ಒಬಸಾಂಜೊ 1999ರ ಫೆಬ್ರವರಿಯಲ್ಲಿ ಜೋಸ್ ಪಟ್ಟಣದಲ್ಲಿ ಅಭ್ಯರ್ಥಿ ಆರಿಸುವ ಅಧಿವೇಶನಕ್ಕೆ ಬಂದರು. ಪಕ್ಷ ಕಟ್ಟಿದವರು ಎಕ್ವುಯೆಮೆ. ಬಿಡಿಸಿ ಬರೆದರೆ, ಎಕ್ವುಯೆಮೆ + ಒಬಸಾಂಜೊ = ಒಬಸಾಂಜೊ. ಎಕಾರದ ಮುಂದೆ ಒಕಾರ ಬಂದು ಪೂರ್ವಪದ ಪೂರ್ತಿ ಲೋಪ. ಶಾಲೆಯಲ್ಲಿ ಇಷ್ಟು ಸ್ಪಷ್ಟವಾದ ಉದಾಹರಣೆ ಸಿಕ್ಕಿದ್ದರೆ ಎಷ್ಟೋ ಹುಡುಗರು ಪಾಸಾಗುತ್ತಿದ್ದರು.

ಲೋಪಕ್ಕೆ ಇನ್ನೊಂದು ವಿಧಾನ ಉಂಟು, ಅದನ್ನು ಭೋಜನಪೂರ್ವಕ ಲೋಪ ಎನ್ನೋಣ. 2004ರ ಕೊನೆಗೆ ಪಕ್ಷದ ಅಧ್ಯಕ್ಷ ಔದು ಒಗ್ಬೆ ಅವರು ಅನಾಂಬ್ರ ರಾಜ್ಯದ ಗಲಭೆ ನಿಲ್ಲಿಸಿ ಎಂದು ದೇಶದ ಅಧ್ಯಕ್ಷರಾಗಿದ್ದ ಒಬಸಾಂಜೊಗೆ ಪತ್ರ ಬರೆದರು. ಅಲ್ಲಿ ಪಕ್ಷದ ‘ಗಾಡ್‌ಫಾದರ್’ ಒಬ್ಬರಿಗೂ ಪಕ್ಷದ್ದೇ ಗವರ್ನರ್‌ಗೂ ಬಿದ್ದು, 2003ರಲ್ಲಿ ಗವರ್ನರ್ ಸಾಹೇಬರನ್ನೇ ಹೊತ್ತೊಯ್ದದ್ದೂ ಆಗಿತ್ತು. ಪತ್ರಕ್ಕೆ ಉತ್ತರ ಖುದ್ದಾಗಿ ಬಂತು. ಒಬಸಾಂಜೊ ಒಗ್ಬೆಯವರ ಮನೆಗೇ ಬಂದರು. ಯಾಮ್ ಗೆಡ್ಡೆ ಬೇಯಿಸಿ ಒರಳಲ್ಲಿ ಕುಟ್ಟಿದ ಮುದ್ದೆ ಮಾಡಿಸಿಕೊಂಡು ಉಂಡರು. ಉಂಡು ಕೈತೊಳೆದು, ರಾಜೀನಾಮೆ ಕೊಡಿ ಎಂದರು. ಇದನ್ನು ಒಗ್ಬೆಯವರೇ ಹೇಳಿಕೊಂಡಿದ್ದಾರೆ. ಉಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರೆ; ಒಬಸಾಂಜೊ ಬಗೆದದ್ದು ಒಂದೇ.

ಆಗಮ ಎಂದರೆ ಎರಡೂ ಕಡೆಗೆ ಸೇರದ ಅಕ್ಷರ ನಡುವೆ ಬಂದು ನಿಲ್ಲುವುದು. ಮನೆ + ಅಲ್ಲಿ = ಮನೆಯಲ್ಲಿ; ಆ ಯಕಾರ ಮನೆಯದೂ ಅಲ್ಲ, ಅಲ್ಲಿಯದೂ ಅಲ್ಲ. 2014ರಲ್ಲಿ ಎದುರು ಪಕ್ಷದಿಂದ ಬಂದ ಅಲಿ ಮೊಡು ಷೆರಿಫ್ 2016ರ ಫೆಬ್ರವರಿಗೆ ಪಿಡಿಪಿಯ ಅಧ್ಯಕ್ಷರೇ ಆಗಿಬಿಟ್ಟರು. ಮೇ ತಿಂಗಳಲ್ಲಿ ಅವರನ್ನು ತೆಗೆದು ಅಹ್ಮದ್ ಮಕರ್ಫಿಯವರನ್ನು ಕೂರಿಸಿದರೆ ಯಕಾರ ಕದಲಲೊಲ್ಲದು. ಒಂದು ವರ್ಷಕ್ಕೂ ಮಿಕ್ಕಿ ಪಕ್ಷಕ್ಕೆ ಇಬ್ಬರು ಯಜಮಾನರು. 2017ರ ಜುಲೈ 12ರಂದು ಸುಪ್ರೀಂ ಕೋರ್ಟು ಮಕರ್ಫಿ ಕಡೆ ತೀರ್ಪು ಕೊಟ್ಟಿತು. ಷೆರಿಫ್ ಬಂದ ದಾರಿಯಲ್ಲೇ ಹೊರಟರು.

ಇನ್ನು ಆದೇಶ. ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂರುವುದು. ಮಳೆ + ಕಾಲ = ಮಳೆಗಾಲ. ಇಲ್ಲಿ ‘ಆದೇಶ’ ಶಬ್ದವನ್ನು ಕೋರ್ಟಿನ ಅರ್ಥದಲ್ಲೂ ಹಿಡಿಯಬೇಕು. 2007ರ ಚುನಾವಣೆಗೆ ರಿವರ್ಸ್ ರಾಜ್ಯದಲ್ಲಿ ಗವರ್ನರ್ ಹುದ್ದೆಗೆ ಪಕ್ಷದೊಳಗೆ ಆರಿಸಿಬಂದವರು ರೊಟಿಮಿ ಅಮೇಚಿ. ಅವರ ಉಮೇದುವಾರಿಕೆಗೆ ‘ಕೆ-ಲೆಗ್’ ಇದೆ, ಅಂದರೆ ಮೊಣಕಾಲು ತಾಗಿ ನಡಿಗೆ ಸೊಟ್ಟ, ಎಂದು ಒಬಸಾಂಜೊ ಸಾರಿದರು. ಸೆಲೆಸ್ಟೀನ್ ಒಮೆಹಿಯಾ ಅವರನ್ನು ನಿಲ್ಲಿಸಿದರು. ಒಮೆಹಿಯಾ ಪ್ರಚಾರ ಮಾಡಿದರು, ಗೆದ್ದರು, ಪ್ರಮಾಣವಚನ ತೆಗೆದುಕೊಂಡು ತಿಂಗಳುಗಟ್ಟಲೆ ಆಳಿದರು. ಅಕ್ಟೋಬರ್ 25ಕ್ಕೆ ಸುಪ್ರೀಂ ಕೋರ್ಟು ಹೇಳಿತು: ಜನ ಓಟು ಹಾಕಿದ್ದು ಪಕ್ಷಕ್ಕೆ, ಪಕ್ಷದ ನಿಜವಾದ ಅಭ್ಯರ್ಥಿ ಅಮೇಚಿ, ಆದ್ದರಿಂದ ಗೆದ್ದವರು ಅಮೇಚಿ. ಒಂದು ದಿನವೂ ಓಟು ಕೇಳದ ಅಮೇಚಿ ಗವರ್ನರ್ ಆದರು. ಕಕಾರಕ್ಕೆ ಗಕಾರ ಆದೇಶವಾಗಿ ಬರುವಾಗಲಾದರೂ ಕಕಾರ ಹೀಗೆ ಮೆರವಣಿಗೆ ಮಾಡಿಸಿಕೊಂಡಿರುವುದಿಲ್ಲ. ಜನ ಓಟು ಹಾಕುವುದು ಪಕ್ಷಕ್ಕೆ ಎಂದು ಕೋರ್ಟಿನಿಂದ ಹೇಳಿಸಿಕೊಂಡ ಅದೇ ಅಮೇಚಿ 2013ರಲ್ಲಿ ಆ ಓಟುಗಳ ಸಮೇತ ಪಕ್ಷ ಬಿಟ್ಟರು. ಅದು ಮುಂದೆ ಬರುತ್ತದೆ.

ಮಾತ್ರೆ ಮತ್ತು ಕಾಲ

ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಪ್ಲುತಕ್ಕೆ ಮೂರು. ಅಧ್ಯಕ್ಷರ ಅವಧಿಗೆ ಸಂವಿಧಾನ ದೀರ್ಘದವರೆಗೆ ಮಾತ್ರ ಅನುಮತಿ ಕೊಟ್ಟಿದೆ. ಒಬಸಾಂಜೊಗೆ ಪ್ಲುತ ಹಾಡುವ ಆಸೆ ಹುಟ್ಟಿದೆ ಎಂದು ಅವರ ಬೆಂಬಲಿಗರು ತಿದ್ದುಪಡಿ ತಂದರು. 2006ರ ಮೇ ತಿಂಗಳಲ್ಲಿ ಸೆನೆಟ್ಟು ತಾಳ ನಿಲ್ಲಿಸಿತು. ಆ ಆಸೆ ತಮಗೆ ಇರಲೇ ಇಲ್ಲ ಎಂದು ಅವರು ಇಂದಿಗೂ ಹೇಳುತ್ತಾರೆ.

ಅಧಿಕಾರ ಉತ್ತರಕ್ಕೊಮ್ಮೆ, ದಕ್ಷಿಣಕ್ಕೊಮ್ಮೆ ಎಂಬ ಸರದಿಯ ಒಪ್ಪಂದ ಪಕ್ಷದಲ್ಲಿತ್ತು. ‘ಜೋನಿಂಗ್’ ಎನ್ನುತ್ತಾರೆ. ದಕ್ಷಿಣದ ಒಬಸಾಂಜೊ ಮುಗಿದ ಮೇಲೆ ಉತ್ತರದ ಉಮರು ಯಾರ್ ಅದುವ ಬಂದು 2010ರ ಮೇ 5ರಂದು ಅವಧಿಯ ನಡುವೆಯೇ ತೀರಿಕೊಂಡರು. ದಕ್ಷಿಣದ ಗುಡ್‌ಲಕ್ ಜೊನಾಥನ್ ಉಳಿದ ಅವಧಿ ಮುಗಿಸಿ, 2011ರಲ್ಲಿ ತಾವೇ ನಿಂತು ಗೆದ್ದು, 2015ಕ್ಕೂ ಸಿದ್ಧರಾದರು. ಪಂಕ್ತಿಯಲ್ಲಿ ಕೂತಿದ್ದ ಉತ್ತರದವರ ಎಲೆಗೆ ಬರಬೇಕಾದ ಪಾಯಸ ಹಾಗೇ ಮುಂದೆ ಹೋಯಿತು. ಪಕ್ಷ ಒಡೆದ ಕಾರಣಗಳಲ್ಲಿ ಇದೇ ದೊಡ್ಡದು.

ಕಾಲದ ವಿಷಯದಲ್ಲಿ ಪ್ರಮಾಣವಾಕ್ಯವೊಂದಿದೆ. 2008ರಲ್ಲಿ ಪಕ್ಷದ ಅಧ್ಯಕ್ಷರಾಗಿದ್ದ ವಿನ್ಸೆಂಟ್ ಒಗ್ಬುಲಾಫೊರ್ ಪಿಡಿಪಿ 60 ವರ್ಷ ಆಳುತ್ತದೆ ಎಂದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎಂಬ ಗಾದೆಯನ್ನು ಇಲ್ಲಿ ಹೇಳಬೇಕೆಂದು ಕೈ ತುರಿಸುತ್ತದೆ. ಶಾಸ್ತ್ರಗ್ರಂಥದಲ್ಲಿ ಗಾದೆಗೆ ಎಡೆಯಿಲ್ಲ. ರೂಪಗಳನ್ನು ಮಾತ್ರ ಕೊಡುತ್ತೇನೆ. ಭವಿಷ್ಯತ್: ಆಳುವರು. ಸಂಭಾವನಾರ್ಥಕ: ಆಳಿಯಾರು. ನಿಷೇಧಾರ್ಥಕ: ಆಳರು. ಮೊದಲ ರೂಪದಿಂದ ಮೂರನೆಯದಕ್ಕೆ ಬರಲು ಏಳು ವರ್ಷ ಹಿಡಿಯಿತು. ಸಂಭಾವನೆ ಹಂಚುವುದರಲ್ಲಿ ಮಧ್ಯದ ರೂಪ ಸವೆಯಿತು.

ಅರಿಸಮಾಸ

ಸಂಸ್ಕೃತಕ್ಕೆ ಕನ್ನಡ ಸೇರಿಸಿ ಸಮಾಸ ಮಾಡಬಾರದು, ಅದು ಅರಿಸಮಾಸ, ಎಂದರೆ ಶತ್ರುಗಳ ಸಮಾಸ, ಎಂದು ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ವಿಧಿಸಿದ್ದಾನೆ, ಬಿರುದಾವಳಿಗೆ ವಿನಾಯಿತಿ. 2013ರಲ್ಲಿ ನೈಜೀರಿಯದ ವಿರೋಧ ಪಕ್ಷಗಳು ಬಿರುದಿಗಾಗಿಯೇ ಒಂದಾದವು. ಲೇಗೊಸ್‌ನ ಬೋಲಾ ಟಿನುಬು ಅವರ ಪಕ್ಷ, ಉತ್ತರದ ಮುಹಮ್ಮದು ಬುಹಾರಿಯವರ ಪಕ್ಷ, ಇನ್ನೊಂದು ಪಕ್ಷ, ಮತ್ತೊಂದರ ಅಷ್ಟಿಷ್ಟು ಸೇರಿ ಆಲ್ ಪ್ರೋಗ್ರೆಸಿವ್ಸ್ ಕಾಂಗ್ರೆಸ್, ಎಪಿಸಿ. ಚಿಹ್ನೆ ಪೊರಕೆ. ನಮ್ಮ ಕಡೆ ಎದುರಿಗೆ ಬಂದವರಿಗೆ ಪೊರಕೆ ತೋರಿಸಿದರೆ ಏನಾಗುತ್ತದೆಂದು ಬಲ್ಲಿರಿ. ಅಲ್ಲಿ ಸಭೆಗೆ ಸಭೆಯೇ ಪೊರಕೆ ಎತ್ತಿ ಬೀಸಿ ಸ್ವಾಗತಿಸುತ್ತದೆ.

ಆದರೆ ಪೊರಕೆಗೆ ಕಡ್ಡಿ ಸಾಲದು. ಕಡ್ಡಿ ಎಲ್ಲಿಂದ? 2013ರ ಆಗಸ್ಟ್ 31ರಂದು ಅಬುಜದ ಈಗಲ್ ಸ್ಕ್ವೇರಿನಲ್ಲಿ ಪಿಡಿಪಿ ಅಧಿವೇಶನ ನಡೆಯುತ್ತಿದ್ದಾಗ ಮಾಜಿ ಉಪಾಧ್ಯಕ್ಷ ಅತಿಕು ಅಬೂಬಕರ್, ಜೊತೆಗೆ ಏಳು ಗವರ್ನರುಗಳು ಎದ್ದು ಹೊರನಡೆದು ‘ಹೊಸ ಪಿಡಿಪಿ’ ಎಂದರು. ನವೆಂಬರಿನಲ್ಲಿ ಏಳರಲ್ಲಿ ಐವರು ಎಪಿಸಿ ಸೇರಿದರು, ಅಮೇಚಿ ಅವರಲ್ಲೊಬ್ಬರು. ಛತ್ರಿಗೂ ಕಡ್ಡಿ, ಪೊರಕೆಗೂ ಕಡ್ಡಿ. ಛತ್ರಿಯ ಕಡ್ಡಿ ಕಿತ್ತು ಬುಡಕ್ಕೆ ಹುರಿ ಬಿಗಿದರೆ ಪೊರಕೆ ಸಿದ್ಧ ಎಂಬ ಈ ಸೂತ್ರ ನನ್ನ ಸ್ವಂತದ್ದು. ಮುಂದಿನ ಪಂಡಿತರು ಬಳಸುವಾಗ ಹೆಸರು ಹೇಳತಕ್ಕದ್ದು.

ಡಿಸೆಂಬರಿನಲ್ಲಿ ಕೆಳಮನೆಯ 37 ಸದಸ್ಯರೂ ಹೊರಟರು. ಸಂವಿಧಾನದ 68ನೆಯ ವಿಧಿಯ ಪ್ರಕಾರ ಪಕ್ಷ ಬಿಟ್ಟವರ ಸ್ಥಾನ ಹೋಗುತ್ತದೆ. ಆದರೆ ಪಕ್ಷ ಒಡೆದಿದ್ದರೆ ಹೋಗುವುದಿಲ್ಲ. ಹೀಗಾಗಿ ಹೊರಹೋಗುವವನು ಮೊದಲು ಒಡಕು ತೋರಿಸಬೇಕು, ಒಡಕು ತೋರಿಸಲು ಹೊರಹೋಗಬೇಕು. 2015ರ ಫೆಬ್ರವರಿಯಲ್ಲಿ ಒಬಸಾಂಜೊ ಅಬಿಯೊಕುಟದಲ್ಲಿ ತಮ್ಮ ಸದಸ್ಯತ್ವದ ಕಾರ್ಡನ್ನು ಎಲ್ಲರೆದುರು ಹರಿದುಹಾಕಿಸಿದರು. ಮಾರ್ಚ್ ಅಂತ್ಯದ ಅಧ್ಯಕ್ಷ ಚುನಾವಣೆಯಲ್ಲಿ ಬುಹಾರಿಗೆ 1,54,24,921 ಮತ, ಜೊನಾಥನ್‌ಗೆ 1,28,53,162. ಫಲಿತಾಂಶ ಪೂರ್ತಿ ಘೋಷಣೆಯಾಗುವ ಮೊದಲೇ ಜೊನಾಥನ್ ಬುಹಾರಿಗೆ ಫೋನು ಮಾಡಿ ಅಭಿನಂದಿಸಿದರು. ಅದು ಯಾವ ಸೂತ್ರಕ್ಕೂ ಒಳಪಡದ ಸಭ್ಯತೆ.

ವಿಭಕ್ತಿಪ್ರಕರಣ

ವಿಭಕ್ತಿ ಎಂದರೆ ವಿಭಾಗ. ಹೆಸರಲ್ಲೇ ಎಲ್ಲ ಇದೆ.

ಕೊಡುವ ಅರ್ಥದ ಚತುರ್ಥಿಗೆ ಇಬಾದಾನ್ ನಗರದ ಮೊಲೆಟೆ ಬಡಾವಣೆಯ ಲಮಿಡಿ ಅಡೆಡಿಬು ಅವರನ್ನು ಬಿಟ್ಟು ಉದಾಹರಣೆ ಇಲ್ಲ. 2008ರಲ್ಲಿ ತೀರಿಕೊಳ್ಳುವವರೆಗೆ ಅವರ ಮನೆಯಂಗಳದಲ್ಲಿ ಬಂದವರಿಗೆಲ್ಲ ಅಮಾಲ. ಯಾಮ್ ಹಿಟ್ಟಿನ ಕಪ್ಪುಮುದ್ದೆ ಅದು. ನಮ್ಮ ರಾಗಿಮುದ್ದೆ ನೋಡಿದರೆ ನೆಂಟಸ್ತಿಕೆ ಹೇಳೀತು. ಉಂಡವರು ಓಟಿಗೂ ಆದರು, ಜಗಳಕ್ಕೂ ಆದರು. ‘ಅಮಾಲ ರಾಜಕಾರಣ’ ಎಂಬ ಶಬ್ದವೇ ಅಲ್ಲಿ ಹುಟ್ಟಿತು.

ಅತಿಕು ಅವರನ್ನು ಮಾತ್ರ ಎಲ್ಲ ವಿಭಕ್ತಿಗಳಲ್ಲೂ ನಡೆಸಬಹುದು. ಪಕ್ಷದಿಂದ ಉಪಾಧ್ಯಕ್ಷರಾದರು. ಒಬಸಾಂಜೊ ಜೊತೆ ದ್ವಂದ್ವವಾಗಿ 2006ರಲ್ಲಿ ಪಕ್ಷದ ದೆಸೆಯಿಂದ ಹೊರಟು ಬೇರೆ ಪಕ್ಷದಲ್ಲಿ ನಿಂತರು. ಪಕ್ಷಕ್ಕೆ ಮರಳಿದರು. 2014ಕ್ಕೆ ಎಪಿಸಿಯಲ್ಲಿ. 2017ಕ್ಕೆ ಮತ್ತೆ ಪಕ್ಷಕ್ಕೆ. 2019, 2023 ಎರಡು ಸಲ ಪಕ್ಷದ ಅಭ್ಯರ್ಥಿ. 2025ರ ಜುಲೈಗೆ ಮತ್ತೆ ಪಂಚಮಿ. ಇನ್ನುಳಿದದ್ದು ಸಂಬೋಧನೆ: ‘ಎಲೈ ಪಕ್ಷವೇ!’

ಇಲ್ಲೊಬ್ಬ ಪೂರ್ವಪಕ್ಷಿ ಎದ್ದು, ಹಾಗಾದರೆ ಪಿಡಿಪಿಗೆ ಎದುರಾಳಿಗಳೇ ಇಲ್ಲವೇ ಎನ್ನುತ್ತಾನೆ. ಪೂರ್ವಪಕ್ಷ ಎಂದರೆ ಹಿಂದೆ ಇದ್ದ ಪಕ್ಷ. ಅಲ್ಲಿ ಎಲ್ಲರೂ ಪೂರ್ವಪಕ್ಷವನ್ನು ಖಂಡಿಸುತ್ತಾರೆ, ಸಿದ್ಧಾಂತವಷ್ಟೇ ಬರುವುದಿಲ್ಲ. 2023ರ ಲೆಕ್ಕ ನೋಡಿ. ಪಿಡಿಪಿಯ ಅತಿಕು 69,84,520. ಚುನಾವಣೆಯ ಹಿಂದಿನ ವರ್ಷವಷ್ಟೇ ಪಿಡಿಪಿ ಬಿಟ್ಟಿದ್ದ ಪೀಟರ್ ಓಬಿ 61,01,533. ಹಳೆಯ ಪಿಡಿಪಿ ಗವರ್ನರ್ ಕ್ವಾಂಕ್ವಾಸೊ 14,96,687. ಕೂಡಿಸಿದರೆ ಒಂದೂವರೆ ಕೋಟಿಗೆ ಸ್ವಲ್ಪ ಕಡಿಮೆ. ಗೆದ್ದವರಿಗೆ ಬಂದದ್ದು 87,94,726. ಛತ್ರಿ ಮೂರು ತುಂಡಾಗಿ ಮೂರೂ ತುಂಡು ನೆನೆದವು. ಗೆದ್ದ ಟಿನುಬು ಮಾತ್ರ ಎಂದೂ ಪಿಡಿಪಿಯಲ್ಲಿದ್ದವರಲ್ಲ. ಸೂತ್ರಕ್ಕೆ ಅಪವಾದ. ಅಪವಾದವೇ ಅಧ್ಯಕ್ಷವಾದ ಮೇಲೆ ಸೂತ್ರಕಾರನ ಪಾಡು ಕೇಳಬೇಡಿ.

ಕೊನೆಯದಾಗಿ ಅವ್ಯಯ. ಲಿಂಗ, ವಚನ, ವಿಭಕ್ತಿ ಯಾವುದೂ ತಾಗದ ಪದ. ರಿವರ್ಸ್ ರಾಜ್ಯದ ನ್ಯೆಸೊಮ್ ವಿಕೆ 2022ರ ಮೇನಲ್ಲಿ ಅಭ್ಯರ್ಥಿ ಆಯ್ಕೆಯಲ್ಲಿ ಅತಿಕುಗೆ 371–237ರಿಂದ ಸೋತರು. ಅಭ್ಯರ್ಥಿಯೂ ಉತ್ತರದವರು, ಪಕ್ಷದ ಅಧ್ಯಕ್ಷರೂ ಉತ್ತರದವರು ಎಂದು ಇನ್ನೂ ನಾಲ್ವರು ಗವರ್ನರುಗಳೊಡನೆ ಸೆಟೆದು ನಿಂತರು. 2023ರ ಆಗಸ್ಟಿನಲ್ಲಿ ಎದುರು ಪಕ್ಷದ ಸರ್ಕಾರದಲ್ಲಿ ಅಬುಜದ ಮಂತ್ರಿಯಾದರು. ಪಿಡಿಪಿಯನ್ನು ಬಿಡಲಿಲ್ಲ. ಒಂದು ಕೈಯಲ್ಲಿ ಛತ್ರಿ, ಒಂದು ಕೈಯಲ್ಲಿ ಪೊರಕೆ. ಇದ್ದ ಕಡ್ಡಿಯನ್ನೆಲ್ಲ ಆಡಿಸಿದರು.

ತಪ್ಪು–ಒಪ್ಪು

ಅಚ್ಚಿನ ಮನೆಗೆ ಹೋದಾಗ ಸರಿಯಿದ್ದ ಕೆಲವು ಉದಾಹರಣೆಗಳು ಕರಡು ತಿದ್ದುವಷ್ಟರಲ್ಲಿ ತಪ್ಪಾಗಿವೆ. ಓದುಗರು ತಿದ್ದಿಕೊಳ್ಳಬೇಕು. ಡೆಲ್ಟಾ ರಾಜ್ಯದ ಗವರ್ನರ್ ಮುಂದೆ ‘ಛತ್ರಿ’ ಎಂದಿರುವಲ್ಲಿ ‘ಪೊರಕೆ’ (2025 ಏಪ್ರಿಲ್). ಅವರ ಜೊತೆ ಹೋದ ಹಿಂದಿನ ಗವರ್ನರ್, 2023ರಲ್ಲಿ ಅತಿಕು ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದವರು, ಅವರಿಗೂ ‘ಪೊರಕೆ’. ಅಕ್ವಾ ಇಬೊಮ್ ಗವರ್ನರ್, ‘ಪೊರಕೆ’ (ಜೂನ್). ಎನುಗು ಗವರ್ನರ್, ‘ಪೊರಕೆ’ (ಅಕ್ಟೋಬರ್). ವಿಕೆ ಅವರನ್ನು ‘ಬಿಡದವರು’ ಎಂದಿರುವಲ್ಲಿ ‘ಉಚ್ಚಾಟಿತರು’ (ನವೆಂಬರ್, ಇಬಾದಾನ್ ಅಧಿವೇಶನ) ಎಂದು ಓದತಕ್ಕದ್ದು. ಅವರ ಬಣದ ಪ್ರತಿಯಲ್ಲಿ ಉಚ್ಚಾಟಿಸಿದವರೇ ಉಚ್ಚಾಟಿತರು. ಅದೇ ನವೆಂಬರ್ 18ರಂದು ಎರಡೂ ಬಣಗಳು ಅಬುಜದ ವದಾತ ಪ್ಲಾಜಾದ ಪಕ್ಷದ ಕಚೇರಿಗೆ ಒಟ್ಟಿಗೇ ಬಂದುದರಿಂದ, ‘ಪಕ್ಷದ ಅಧ್ಯಕ್ಷ’ ಎಂದು ಏಕವಚನದಲ್ಲಿ ಅಚ್ಚಾಗಿರುವ ಕಡೆಯೆಲ್ಲ ಬಹುವಚನ ಮಾಡಿಕೊಳ್ಳಿ. ಆ ದಿನ ಪೊಲೀಸರು ಬಿಟ್ಟ ಅಶ್ರುವಾಯು ಇಬ್ಬರಿಗೂ ಒಂದೇ ಆಗಿದ್ದರಿಂದ ಅದು ಏಕವಚನದಲ್ಲೇ ಇರಲಿ.